ಕಾಶಿಗೆ ಎರಡೂವರೆ ತಾಸು

ಮಲಪ್ರಭೆಯ ದಂಡೆಯ ಸಣ್ಣ ಮಠದಲ್ಲಿ ಮುರಿಗೆಜ್ಜನೂ ಅವರ ಶಿಷ್ಯ ಅಡಿವೆಪ್ಪನೂ ಇದ್ದರು. ಒಂದು ಮುಂಜಾನೆ ಕಾಶಿಯಿಂದ ಕಾಗದ ಬಂತು. ಅಡಿವೆಪ್ಪ ಗಟ್ಟಿಯಾಗಿ ಓದಿದ.

“ಮುರಿಗ್ಯಾ, ನನ್ನ ಕಣ್ಣು ಮಂಜಾಗ್ಯಾವ. ಪೂರಾ ಹೋಗೂದ್ರಾಗ ನಿನ್ನ ಮಾರಿ ಒಮ್ಮೆ ನೋಡಬೇಕು. ಬಾ. ಹಾಲಯ್ಯ.”

ಹಾಲಯ್ಯ ಅಜ್ಜನ ಜೊತೆ ಒಂದೇ ಗುರುವಿನ ಬಳಿ ಕಲಿತವನು. ನಲವತ್ತೊಂದು ವರ್ಷದ ಹಿಂದೆ, ಭಜನೆಯಲ್ಲಿ ಅಜ್ಜ ಶ್ರುತಿ ತಪ್ಪಿದಾಗ ಎಲ್ಲರೆದುರು ನಕ್ಕುಬಿಟ್ಟಿದ್ದ. ಅಂದೇ ಇಬ್ಬರ ಮಾತು ನಿಂತಿತು. ಮರುವರ್ಷ ಹಾಲಯ್ಯ ಕಾಶಿಗೆ ಹೋದವನು ಅಲ್ಲೇ ಉಳಿದ.

“ಕಾಶಿ ಭಾಳ ದೂರ,” ಅಂದರು ಅಜ್ಜ.

ಅಡಿವೆಪ್ಪ ಫೋನು ತೆಗೆದು ನೋಡಿದ. “ಬೆಂಗಳೂರಿಂದ ಹದಿನಾಕು ನೂರು ಕಿಲೋಮೀಟರ್ ಹತ್ರ, ಅಜ್ಜಾರ. ಎರಡೂವರಿ ತಾಸು.”

“ಬಂಡ್ಯಾಗ?”

“ವಿಮಾನದಾಗ್ರೀ.”

“ನನ್ನ ಮೊಣಕಾಲು?”

“ಗಾಲಿ ಕುರ್ಚಿ ಕೊಡ್ತಾರ್ರೀ.”

“ಆಕಳ ಈಯಾಕ ಬಂದೈತಿ.”

“ಹೋದ ತಿಂಗಳನ ಈದೈತ್ರೀ. ಗಿಣ್ಣ ನೀವ ಉಂಡ್ರಿ.”

ಅಜ್ಜ ಹೊಳೆಯ ಕಡೆ ನೋಡಿದರು. ಊರವರ ಎಷ್ಟೋ ಜಗಳ ಬಗೆಹರಿಸಿದ ಅಜ್ಜ ಹೀಗೆ ಮಾತಿನಲ್ಲಿ ಸೋತದ್ದನ್ನು ಅಡಿವೆಪ್ಪ ಕಂಡಿರಲಿಲ್ಲ. ಒಳಗೊಳಗೇ ಹಿಗ್ಗಿದ.

ಮುಂದಿನ ವಾರ ಬೆಂಗಳೂರಿಗೆ ಹೋಗಿ ವಿಮಾನ ಹತ್ತಿದರು. ಅಡಿವೆಪ್ಪ ನಿಮಿಷ ನಿಮಿಷವೂ ಲೆಕ್ಕ ಒಪ್ಪಿಸಿದ. “ಅರ್ಧ ತಾಸು ಆತ್ರೀ. ಒಂದು ತಾಸು ಆತ್ರೀ.”

ಅಜ್ಜ ಅವನ ಕಿವಿಯಲ್ಲಿ ಕೇಳಿದರು. “ಇದು ಒಂಚೂರು ಸಾವಕಾಶ ಹೋಗಾಂಗಿಲ್ಲೇನು? ಆ ನೀರು ಕೊಡೋ ಮಗಳ್ನ ಕೇಳು.”

ಅಡಿವೆಪ್ಪ ನಾಚಿಕೊಂಡು ಕಿಟಕಿಯ ಕಡೆ ತಿರುಗಿದ.

ವಿಮಾನ ಇಳಿಯಿತು. “ಹತ್ತು ನಿಮಿಷ ಮೊದಲ ಬಂದ್ವಿ, ಅಜ್ಜಾರ!”

“ಹಂಗಾದ್ರ ಆ ಹತ್ತು ನಿಮಿಷ ಇಲ್ಲೇ ಕೂಡೂಣು.”

ವಿಮಾನದವರು ಕೂರಲು ಬಿಡಲಿಲ್ಲ. ಆಟೋದಲ್ಲಿ ಹೋಗಿ, ಕೇಳುತ್ತ ಕೇಳುತ್ತ ಗಲ್ಲಿಯೊಂದರ ಕೊನೆಯ ಮನೆ ಮುಟ್ಟಿದರು. ಬಾಗಿಲು ಮುಚ್ಚಿತ್ತು. ಅಜ್ಜ ಕೆಮ್ಮಿದರು. ಕೋಲೂರಿಕೊಂಡು ನಿಂತರು. ನಿಂತೇ ಇದ್ದರು.

ಚಹಾದವನು ಎರಡು ಸಲ ಬಂದು ಹೋದ. ಗೂಳಿಯೊಂದು ಅಡಿವೆಪ್ಪನನ್ನು ಗೋಡೆಗೆ ಒತ್ತಿ ದಾಟಿತು.

“ಬಾಗಲಾ ಬಡೀರಲ್ಲ, ಅಜ್ಜಾರ.”

“ತಡಿಯೋ. ನನ್ನ ವಿಮಾನ ಇನ್ನಾ ಇಳದಿಲ್ಲ.”

ಅಡಿವೆಪ್ಪ ನಗಲು ಹೋದ. ಆದರೆ ಅಜ್ಜ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ನಗು ಬರಲಿಲ್ಲ. ತಾನೇ ಬಾಗಿಲು ತಟ್ಟಲು ಕೈ ಎತ್ತಿದ. ಅಷ್ಟರಲ್ಲಿ ಒಳಗಿನಿಂದ ಚಿಲಕ ಸರಿಯಿತು.

ಬೆಳ್ಳಗಾದ ಗಡ್ಡದ ಮುದುಕನೊಬ್ಬ ಚಿಲಕದ ಮೇಲೆ ಕೈಯಿಟ್ಟೇ ನಿಂತಿದ್ದ.

“ನೀ ಕೆಮ್ಮಿದಾಗಿಂದ ಇಲ್ಲೇ ನಿಂತೀನೋ, ಮುರಿಗ್ಯಾ,” ಅಂದ ಹಾಲಯ್ಯ. “ತಗ್ಯಾಕ ಧೈರ್ಯ ಆಗ್ಲಿಲ್ಲ.”

ಅವನು ಮೂಗಿಗೆ ಮೂಗು ತಾಗುವಷ್ಟು ಬಗ್ಗಿ ಅಜ್ಜನ ಮುಖ ನೋಡಿದ. ಬಹಳ ಹೊತ್ತು ನೋಡಿದ.

“ಎಷ್ಟ ಮುದುಕ ಆಗೀಯಲ್ಲೋ!”

ಅಜ್ಜನ ಕಣ್ಣು ತುಂಬಿದವು. ಅಡಿವೆಪ್ಪ ಹೆಗಲ ಚೀಲ ಕೆಳಗಿಳಿಸಿದ. “ಅಂತೂ ಮುಟ್ಟಿದ್ವಿ, ಅಜ್ಜಾರ,” ಅಂದ.

“ಹೊಸ್ತಿಲ ಬಾಕಿ ಐತಲ್ಲೋ,” ಅಂದ ಅಜ್ಜ ಹಾಲಯ್ಯನ ಕಡೆ ಕೈ ಚಾಚಿದರು. “ಕೈ ಹಿಡಿ.”