ಕಾಟಯ್ಯನೂ ಜಾಲಿ ತಿನ್ನೋ ಯಂತ್ರವೂ

ಬಾರೆಹಟ್ಟಿಯಲ್ಲಿ ಪಾಲಮ್ಮ ಅಂತ ಒಬ್ಬಳಿದ್ಲು. ಅವಳಿಗೆ ಕಾಟಯ್ಯ ಅಂತ ಒಬ್ಬನೇ ಮಗ. ಆಳು ಅಂದ್ರೆ ಆಳು, ಬಾಗಿಲಲ್ಲಿ ನಿಂತ್ರೆ ಮನೆಯೊಳಗೆ ಕತ್ತಲೆ. ಮೀಸೆ ಬಂದು ಎಷ್ಟೋ ಕಾಲ ಆಗಿತ್ತು, ಬುದ್ಧಿ ಮಾತ್ರ ಇನ್ನೂ ದಾರೀಲಿತ್ತು. ಸೋಮಾರಿಯಾ ಅಂದ್ರೆ ಅಲ್ಲ. ಮಾತು ಮೀರೋನಾ ಅಂದ್ರೆ ಅದೂ ಅಲ್ಲ. ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. ತೊಂದರೆ ಇದ್ದದ್ದೇ ಅಲ್ಲಿ. ಒಲೆ ಮೇಲಿನ ಅನ್ನ ಇಳಿಸಪ್ಪ ಅಂದ್ರೆ ಅನ್ನ ತೋಡಿ ಕೆಳಗಿಳಿಸಿ, ಪಾತ್ರೆಯನ್ನ ಒಲೆ ಮೇಲೇ ಬಿಡೋನು.

"ನಾನು ಹೋದ ಮೇಲೆ ನಿನ್ನ ಗತಿ ಏನೋ" ಅಂತ ತಾಯಿ ಅಂದ್ರೆ, "ಎಲ್ಲಿಗೆ ಹೋಗ್ತೀಯವ್ವ, ನಾನೂ ಬತ್ತೀನಿ" ಅನ್ನೋನು.

ಪಾಲಮ್ಮನಿಗೆ ಹಳ್ಳದ ಪಕ್ಕ ಒಂದು ಹೊಲ ಇತ್ತು. ಗಂಡ ಸತ್ತ ಮೇಲೆ ಉಳೋರಿಲ್ಲದೆ ಬಿದ್ದಿತ್ತು. ಬೀಳು ಬಿದ್ದ ನೆಲಾನ ಬಳ್ಳಾರಿ ಜಾಲಿ ಬಿಡ್ತದಾ? ಮೊದಲು ಬದುವಿನ ಮೇಲೆ ಒಂದು ಗಿಡ, ಆಮೇಲೆ ಹತ್ತು, ಆಮೇಲೆ ಹೊಲವೇ ಕಾಡು. ಪಾಲಮ್ಮ ಕೊಡಲಿ ಹಿಡಿದು ಹೋದ್ಲು. ಒಂದು ಕಡಿದ್ರೆ ಆ ಬುಡದಲ್ಲಿ ನಾಲ್ಕು ಚಿಗುರು. ಅಂಗೈ ತುಂಬ ಮುಳ್ಳು ಮುರ್ಕಂಡು ವಾಪಸ್ ಬಂದ್ಲು. ಅವರಿವರ ಹೊಲದಲ್ಲಿ ಕಳೆ ಕೀಳ್ತಾ, ನನ್ನ ಹೊಲದ ಮಣ್ಣು ಯಾವ ಬಣ್ಣ ಇತ್ತು ಅನ್ನೋದೇ ಮರ್ತೋಯ್ತು ಅಂತ ಹೇಳೋಳು. ತನ್ನ ಕೈಯಾರೆ ಅಲ್ಲಿ ಒಂದು ಸಲ ನವಣೆ ಬಿತ್ತಬೇಕು ಅನ್ನೋದು ಅವಳ ಆಸೆ.

ಆ ವರ್ಷ ಮುಂಗಾರಿಗೆ ಮುಂಚೆ ಊರ ಕೆರೆಯಂಗಳದ ಜಾಲಿ ತೆಗೆಯೋಕೆ ಒಂದು ಹಿಟಾಚಿ ಬಂತು. ಅದರ ಕೈತುದಿಯಲ್ಲಿ ಮಣ್ಣು ಬಗೆಯೋ ಬಕೆಟ್ ಇರಲಿಲ್ಲ. ಬಕೆಟ್ ಬಿಚ್ಚಿ ಒಂದು ದೊಡ್ಡ ಉರುಳೆ ಕೂರಿಸಿದ್ರು, ಉರುಳೆ ತುಂಬ ಉಕ್ಕಿನ ಹಲ್ಲು. ಅದು ಗಿರಗಿರ ತಿರುಗ್ತಾ ಮರದ ನೆತ್ತಿಯಿಂದ ಇಳಿದ್ರೆ ಬುಡ ಮುಟ್ಟೋ ಹೊತ್ತಿಗೆ ಮರವೇ ಇಲ್ಲ. ಕಡಿಯೋದಿಲ್ಲ, ಎಳೆಯೋದಿಲ್ಲ, ಸುಡೋದಿಲ್ಲ. ನಿಂತಲ್ಲೇ ಪುಡಿ, ಬಿದ್ದಲ್ಲೇ ಗೊಬ್ಬರ. ಮಲ್ಚರ್ ಅಂತ ಅದರ ಹೆಸರು. ಊರಿನವರು ಜಾಲಿ ತಿನ್ನೋ ಯಂತ್ರ ಅಂತ ಕರೆದ್ರು.

ಯಂತ್ರ ಓಡಿಸೋನು ದಾದಾಪೀರ್. ಅವನ ಜೊತೆಗಿದ್ದ ಆಳು ಜ್ವರ ಬಂದು ಊರಿಗೆ ಹೋಗಿಬಿಟ್ಟಿದ್ದ. ಈ ಸುದ್ದಿ ಕಿವಿಗೆ ಬಿದ್ದದ್ದೇ ಪಾಲಮ್ಮ ಮಗನ ಕೈ ಹಿಡ್ಕಂಡು ಕೆರೆಗೆ ಓಡಿದ್ಲು.

"ನನ್ನ ಮಗನ್ನ ಕೆಲಸಕ್ಕಿಟ್ಕಳಪ್ಪ. ಕೂಲಿ ಬೇಡ. ಕೆರೆ ಕೆಲಸ ಮುಗಿದ ಮೇಲೆ ಒಂದು ದಿನ ನಮ್ಮ ಹೊಲಕ್ಕೆ ಯಂತ್ರ ತಿರುಗಿಸು, ಸಾಕು."

ದಾದಾಪೀರ್ ಕಾಟಯ್ಯನ ತೋಳು ನೋಡಿ ಒಪ್ಪಿದ. "ಆದ್ರೆ ಅಮ್ಮ, ನಿಮ್ಮದು ಎರೆಮಣ್ಣು. ಒಂದು ಹದ ಮಳೆ ಬಿದ್ರೂ ನನ್ನ ಯಂತ್ರ ಹೂತೋಗ್ತದೆ. ಮಳೆಗೆ ಮುಂಚೆ ಕೆರೆ ಮುಗಿದ್ರೆ ಬತ್ತೀನಿ. ಮಳೆ ಬಂದ್ರೆ ಲಾರಿ ಹತ್ತಿಸ್ಕಂಡು ಹೋಗೋದೇ."

ಅವತ್ತಿಂದ ಪಾಲಮ್ಮನಿಗೆ ಒಂದು ಕಡೆ ಕೂರೋಕಾಗಲಿಲ್ಲ. ಹಿಟ್ಟು ಕಲಸ್ತಾ ಎದ್ದು ಹೊರಗೆ ಬರೋಳು, ಪಡುವಣ ದಿಕ್ಕಿನ ಮೋಡ ನೋಡೋಳು, ಒಳಗೆ ಹೋಗೋಳು, ಮತ್ತೆ ಹೊರಗೆ ಬರೋಳು.

ಮೊದಲನೇ ದಿನ ದಾದಾಪೀರ್ ಹೇಳ್ದ: "ನೋಡು ಕಾಟಯ್ಯ, ಮರದ ಚೂರು ಕವಣೆ ಕಲ್ಲಿನ ಹಂಗೆ ಹಾರ್ತಾವೆ. ಇಂಜಿನ್ ಓಡ್ತಿರುವಾಗ ಯಂತ್ರದ ಹತ್ರ ಯಾರನ್ನೂ ಬಿಡಬೇಡ. ಯಾರೇ ಆಗ್ಲಿ."

"ಯಾರೇ ಆಗ್ಲಿ" ಅಂದ ಕಾಟಯ್ಯ.

ಸೌದೆ ಆರಿಸೋಕೆ ಬಂದವರನ್ನ ವಾಪಸ್ ಕಳಿಸ್ದ. ಯಂತ್ರ ನೋಡೋಕೆ ಬಂದ ಮುದುಕರನ್ನ ವಾಪಸ್ ಕಳಿಸ್ದ. ಭಲೇ ಅಂದ್ಕಂಡ ದಾದಾಪೀರ್. ಹೊತ್ತು ನೆತ್ತಿಗೆ ಬಂದಾಗ ಇಂಜಿನ್ ಆರಿಸದೆ, ಇಳಿದು, ಕಂಟಿ ಮರೆಗೆ ಒಂದಕ್ಕೆ ಹೋದ. ತಿರುಗಿ ಬಂದು ನೋಡಿದ್ರೆ ಯಂತ್ರದ ಮುಂದೆ ಕಾಟಯ್ಯ ಎರಡೂ ಕೈ ಚಾಚಿ ನಿಂತಿದ್ದಾನೆ.

"ಸರಿಯಪ್ಪ, ಹತ್ತಬೇಕು."

"ಇಂಜಿನ್ ಓಡ್ತಾ ಐತೆ ಅಣ್ಣ."

"ಗೊತ್ತು. ನಾನೇ ಓಡಿಸ್ತಿರೋದು."

"ಯಾರೇ ಆಗ್ಲಿ ಅಂದಿದ್ದೀರಿ."

ದಾದಾಪೀರ್ ನೂಕಿದ. ಗೋಡೆ ನೂಕಿದ ಹಂಗಾಯ್ತು. ಎಡಗಡೆಯಿಂದ ನುಗ್ಗಿದ್ರೆ ಕಾಟಯ್ಯ ಎಡಕ್ಕೆ, ಬಲಗಡೆಯಿಂದ ನುಗ್ಗಿದ್ರೆ ಕಾಟಯ್ಯ ಬಲಕ್ಕೆ. ಬೈದ, ಬೇಡಿಕೊಂಡ, ಕೊನೆಗೆ ಬಿಸಿಲಲ್ಲಿ ಕೂತ. ಡೀಸೆಲ್ ಎಲ್ಲಾ ಉರಿದು ಸಂಜೆ ಹೊತ್ತಿಗೆ ಇಂಜಿನ್ ತಾನೇ ಕೆಮ್ಮಿ ನಿಂತ್ಕಂತು. ಕಾಟಯ್ಯ ಪಕ್ಕಕ್ಕೆ ಸರಿದು, "ಈಗ ಹತ್ತಿ ಅಣ್ಣ" ಅಂದ.

ಮನೆಗೆ ಬಂದ್ರೆ ತಾಯಿ ಹಣೆ ಚಚ್ಕಂಡ್ಲು. "ಒಂದು ದಿನ ಹಾಳಾಯ್ತಲ್ಲೋ. ಅಲ್ಲಿ ಮೋಡ ನೋಡು. ಗುರ್ತಿರೋರನ್ನ ಬಿಡಬೇಕು, ಗುರ್ತಿಲ್ಲದೋರನ್ನ ತಡೀಬೇಕು. ಅಷ್ಟೂ ತಿಳಿಯಲ್ವಾ?"

"ಗುರ್ತಿರೋರನ್ನ ಬಿಡಬೇಕು, ಗುರ್ತಿಲ್ಲದೋರನ್ನ ತಡೀಬೇಕು" ಅಂತ ಹೇಳ್ಕಂಡು ಕಾಟಯ್ಯ ಮಲಗಿದ.

ಮಾರನೇ ದಿನ ಪೇಟೆಯಿಂದ ಡೀಸೆಲ್ ಕ್ಯಾನು ಹೊತ್ತು ಒಬ್ಬ ಬಂದ. ಕಾಟಯ್ಯ ಅವನ ಮುಖ ನೋಡ್ದ. ಗುರ್ತಿಲ್ಲ. ತಡೆದ. ಆ ಕಡೆಯಿಂದ ಊರ ಮೇಕೆ ಹಿಂಡು ಜಾಲಿಕಾಯಿ ಆಸೆಗೆ ಬಂತು. ಹಿಂದೆ ಅವನ್ನ ಕಾದಿದ್ದವನು ಇವನೇ, ಒಂದೊಂದರ ಗುರ್ತೂ ಉಂಟು. "ಬಾ ಕರಿಯ, ಬಾರೇ ಜೋಲುಗಿವಿ, ಹೋಗಿ ಹೋಗಿ" ಅಂತ ಎಲ್ಲವನ್ನೂ ಯಂತ್ರದ ಕಡೆಗೆ ಬಿಟ್ಟ. ಊರಲ್ಲಿ ಕಡ ತಂದಿದ್ದ ಒಂದಿಷ್ಟು ಡೀಸೆಲ್ಲಲ್ಲಿ ಯಂತ್ರ ಆಗಷ್ಟೇ ಓಡೋಕೆ ಶುರುವಾಗಿತ್ತು. ಉರುಳೆ ಇಳಿಸಬೇಕು ಅನ್ನುವಾಗ ಪೊದೆಯೊಳಗಿಂದ ಒಂದು ಹೋತ ತಲೆ ಎತ್ತಿ ದಾದಾಪೀರನ ಮುಖ ನೋಡ್ತು. ಅವನು ಸರಕ್ಕನೆ ಉರುಳೆ ಮೇಲೆತ್ತಿದ. ಯಂತ್ರ ನಿಲ್ಲಿಸಿ, ಮುಳ್ಳೊಳಗೆ ನುಗ್ಗಿ ಮೇಕೆ ಹೊರಡಿಸೋದ್ರಲ್ಲೇ ಹೊತ್ತು ಮುಳುಗ್ತು. ಡೀಸೆಲಿನವನು ಅಷ್ಟು ಹೊತ್ತೂ ಕ್ಯಾನು ಪಕ್ಕದಲ್ಲಿಟ್ಕಂಡು ಬದುವಿನ ಮೇಲೆ ಕೂತಿದ್ದ.

ದಾದಾಪೀರ್ ಮೈಗೆ ಚುಚ್ಚಿದ ಮುಳ್ಳು ಕೀಳ್ತಾ ಅಂದ: "ತಪ್ಪು ನಂದು, ಸರಿಯಾಗಿ ಹೇಳಲಿಲ್ಲ. ಕೇಳು. ಜೀವ ಕಂಡ್ರೆ ಕೈ ಎತ್ತು. ಕಲ್ಲು ಕಂಡ್ರೆ ಕೈ ಎತ್ತು. ಕಬ್ಬಿಣ ಕಂಡ್ರೆ ಕೈ ಎತ್ತು, ಅದು ಸಿಕ್ಕಿದ್ರೆ ಹಲ್ಲು ಮುರೀತದೆ. ನೀನು ಕೈ ಎತ್ತಿದ್ರೆ ನಾನು ನಿಲ್ಲಿಸ್ತೀನಿ."

ಅದರ ಮಾರನೇ ದಿನ ದಾದಾಪೀರ್ ಹತ್ತಿ ಕೂತ. ಕಾಟಯ್ಯ ಕೈ ಎತ್ತಿದ. ದಾದಾಪೀರ್ ಇಂಜಿನ್ ಆರಿಸಿ, ಇಳಿದು, ಪೊದೆ ಎಲ್ಲಾ ಬಗ್ಗಿ ನೋಡ್ದ. ಏನೂ ಇಲ್ಲ. ಹತ್ತಿದ. ಕಾಟಯ್ಯ ಮತ್ತೆ ಕೈ ಎತ್ತಿದ. ಇಳಿದ, ನೋಡ್ದ, ಹತ್ತಿದ. ಹಿಂಗೇ ಮಧ್ಯಾಹ್ನ ಆಯ್ತು. ಬಲಗೈ ಸೋತ್ರೆ ಕಾಟಯ್ಯ ಎಡಗೈ ಎತ್ತೋನು.

"ಏನಪ್ಪಾ ಕಂಡಿದ್ದು ನಿಂಗೆ?"

"ಜೀವ ಕಂಡ್ತು ಅಣ್ಣ."

"ಎಲ್ಲಿ?"

"ಅಗೋ, ಗಾಜಿನ ಹಿಂದೆ ಕೂತಿದ್ದೀರಲ್ಲ."

ದಾದಾಪೀರ್ ತನ್ನ ಸುತ್ತ ಒಂದು ಸಲ ನೋಡ್ಕಂಡ.

"ಕಬ್ಬಿಣಾನೂ ಕಂಡ್ತು" ಅಂದ ಕಾಟಯ್ಯ. "ನಿಮ್ಮ ಸುತ್ತ ಬರೀ ಕಬ್ಬಿಣವೇ ಐತೆ. ಹುಷಾರು."

ಆವತ್ತು ಪಾಲಮ್ಮ ಬುತ್ತಿ ತಂದವಳು ಇದನ್ನೆಲ್ಲಾ ನಿಂತು ನೋಡಿದ್ಲು. ಗಾಳಿ ತಣ್ಣಗಾಗಿತ್ತು, ಎಲ್ಲೋ ದೂರ ಮಳೆಯಾದ ವಾಸನೆ. ಅವಳು ಮಗನಿಗೆ ಕೂಗಿ ಹೇಳಿದ್ಲು: "ಕೈ ಇಳಿಸೋ. ಕೈ ಎತ್ತೋದು ಬಿಡು. ಕಲ್ಲು ಕಂಡ್ರೆ ಕಲ್ಲೇ ಎತ್ತಿ ಆಚೆ ಹಾಕು. ಕೆಲಸ ಬೇಗ ಸಾಗ್ಲಿ."

ಕಾಟಯ್ಯನಿಗೆ ಈ ಕೆಲಸ ಬಲು ಹಿಡಿಸ್ತು. ಕಲ್ಲು ಅಂದ್ರೆ ಕಲ್ಲು. ಕೆರೆಯಂಗಳದ ಕಲ್ಲು ಎತ್ತಿ ಆಚೆ ಹಾಕ್ದ. ಅವನ ಪುಣ್ಯಕ್ಕೆ ಯಂತ್ರ ಆವತ್ತೂ ಮರುದಿನವೂ ನಿಲ್ಲದೆ ಓಡ್ತು, ಕೆರೆಯಂಗಳ ಕಣದ ಹಂಗೆ ಬಯಲಾಯ್ತು. ದಾದಾಪೀರ್, "ನಾಳೆ ನಿಮ್ಮ ಹೊಲಕ್ಕೆ ಬತ್ತೀನಿ ಅಮ್ಮ" ಅಂದ. ಪಾಲಮ್ಮ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡ್ಲು.

ಆದ್ರೆ ಕೆರೆಯಲ್ಲಿ ಕಲ್ಲು ಮುಗಿದ್ರೂ ಕಾಟಯ್ಯನಿಗೆ ಯಾರೂ ಸಾಕು ಅಂದಿರಲಿಲ್ಲ. ಅವನು ಅಕ್ಕಪಕ್ಕದ ಹೊಲಕ್ಕೆ ನಡೆದ. ಅಲ್ಲಿ ಮೂಲೆಮೂಲೆಗೆ ನೆಟ್ಟಗೆ ಹೂತ ಕಲ್ಲು ಕಂಡ್ವು. ಅಲ್ಲಾಡಿಸಿ ಕಿತ್ತು, ಹೊತ್ತು ತಂದು ಮನೆ ಮುಂದೆ ಒಟ್ಟಿದ. ಊರಿನವರ ಬಾಂದುಕಲ್ಲು ಅವು. ಯಾರ ಹೊಲ ಎಲ್ಲಿಗೆ ಮುಗೀತದೆ ಅನ್ನೋದಕ್ಕೆ ಇದ್ದ ಸಾಕ್ಷಿ.

ಊರೇ ಬಂತು. ಪಕ್ಕದ ಹೊಲದ ಬೋಸಯ್ಯ ದೊಣ್ಣೆ ಹಿಡ್ಕಂಡೇ ಬಂದ. "ನನ್ನ ಗಡಿ ಎಲ್ಲೋ? ನಿಮ್ಮವ್ವ ಹೊಲ ಬಿತ್ತೋಕೆ ಮುಂಚೆನೇ ನನ್ನ ಹೊಲ ನುಂಗಿದ್ಯೇನೋ?"

ಪಾಲಮ್ಮ ಮಗನ ಮುಂದೆ ಅಡ್ಡ ನಿಂತ್ಲು. "ಹೊಡೀಬೇಡ ಬೋಸಣ್ಣ. ಕಿತ್ತ ಕುಳಿ ಇನ್ನೂ ಹಸಿ ಇರ್ತದೆ. ನಾನೇ ನೆಡಿಸ್ತೀನಿ." ಎಲ್ಲರೂ ನೋಡ್ತಿರುವಾಗ ಕಾಟಯ್ಯ ಒಂದೊಂದೇ ಕಲ್ಲು ಹೊತ್ತು, ಯಾವುದು ಯಾವ ಕುಳಿಯದ್ದೋ ಅದೇ ಕುಳಿಗೆ ಇಳಿಸಿದ. ಒಂದೂ ತಪ್ಪಲಿಲ್ಲ. ಬೋಸಯ್ಯ ಹೆಜ್ಜೆ ಹಾಕಿ ಅಳೆದು ನೋಡಿ, ಗೊಣಗ್ತಾ ಹೋದ.

ಮನೆಗೆ ಬಂದು ಪಾಲಮ್ಮ ಗೋಡೆಗೆ ಒರಗಿ ಕೂತ್ಲು. ಸೆರಗಿನಿಂದ ಕಣ್ಣು ಒರೆಸ್ಕಂಡ್ಲು. ಬೈಯಲಿಲ್ಲ. ಮೆಲ್ಲಗೆ ಅಂದ್ಲು: "ಕಾಟಯ್ಯ, ನಾಳೆ ಒಂದು ದಿನ ನನಗೋಸ್ಕರ ಇಷ್ಟು ಮಾಡು. ನಾನು ಏನು ಹೇಳ್ತೀನೋ ಅದನ್ನಷ್ಟೇ ಮಾಡು. ಇನ್ನು ಯಾರು ಏನು ಹೇಳಿದ್ರೂ ಕೇಳಬೇಡ. ನಾನು ಹೇಳದೇ ಒಂದು ಹೆಜ್ಜೆ ಆ ಕಡೆ ಈ ಕಡೆ ಇಡಬೇಡ."

"ಆಯ್ತವ್ವ" ಅಂದ ಕಾಟಯ್ಯ. ತಾಯಿ ಅಳ್ತಿದ್ಲು ಅಂತ ಅವನಿಗೂ ಅಳು ಬಂತು.

ಬೆಳಿಗ್ಗೆ ಆಕಾಶದ ತುಂಬ ಮೋಡ ಇಳಿಬಿದ್ದಿತ್ತು. ತಾಯಿ ಮಗ ಹೊಲಕ್ಕೆ ಹೋದ್ರು. ಜಾಲಿಯೊಳಗೆ ಮೇಕೆ ನುಸುಳೋ ಸಂದು ಒಂದೇ ದಾರಿ. "ಒಳಗೆ ನಟ್ಟನಡುವೆ ನಿಮ್ಮಪ್ಪ ನೇಗಿಲು ಬಿಟ್ಟಿದ್ದ. ಅದರ ಕಬ್ಬಿಣದ ಕುಳ ಮಣ್ಣಲ್ಲಿ ಬಿದ್ದಿರಬೌದು. ಹೋಗಿ ನೋಡು" ಅಂದ್ಲು. ಕಾಟಯ್ಯ ಬಗ್ಗಿ ತೆವಳ್ಕಂಡು ಒಳಗೆ ಹೋದ.

ಅಷ್ಟರಲ್ಲಿ ರಸ್ತೇಲಿ ಟ್ರ್ಯಾಕ್ಟರ್ ಸದ್ದು. ಬಿತ್ತನೆ ಬೀಜಕ್ಕೆ ಪೇಟೆಗೆ ಹೊರಟಿತ್ತು. ಇದು ತಪ್ಪಿದ್ರೆ ಮತ್ತೆ ಯಾವಾಗಲೋ. ಮಗ ನೋಡ್ಕಂಡು ಬತ್ತಾನೆ ಅಂದ್ಕಂಡು ಪಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿ ಹತ್ತಿಬಿಟ್ಲು.

ದಾದಾಪೀರ್ ಬಂದ. ಕಾಟಯ್ಯ ಇಲ್ಲದ್ದು ನೋಡಿ ಮೇಲೆ ನೋಡಿ ಅಲ್ಲಾನ ನೆನೆದ. ಮಳೆಗೆ ಮುಂಚೆ ಮುಗಿಸಬೇಕು, ಊರ ಗೇಟಿನ ಹತ್ರ ಲಾರಿ ಕಾಯ್ತಾ ಐತೆ. ಉರುಳೆ ತಿರುಗಿಸಿದ. ಒಂದು ಕಡೆಯಿಂದ ಜಾಲಿ ಪುಡಿಯಾಗ್ತಾ ಬಂತು, ಹಿಂದೆ ಮೆತ್ತಗೆ ಚೂರು ಹಾಸಿದ ನೆಲ. ನಡುವಿಗೆ ಬಂದು ಉರುಳೆ ಮೇಲೆತ್ತಿದ್ದಾನೆ, ಮುಳ್ಳಿನ ಸಂದೀಲಿ ಬಿಳೀದು ಏನೋ ಕಂಡ್ತು. ಅಂಗಿ. ಅಂಗಿಯೊಳಗೆ ಕಾಟಯ್ಯ.

ಇಂಜಿನ್ ಆರಿಸಿದ. ಆಮೇಲೆ ಇಳಿದು ಬಂದು ಕೇಳ್ದ: "ಏನ್ ಮಾಡ್ತಿದ್ದೀಯೋ ಅಲ್ಲಿ?"

"ಅವ್ವ ನೋಡು ಅಂದ್ಲು. ನೋಡ್ತಾ ಇದ್ದೀನಿ."

"ಏನ್ನ?"

"ಕುಳಾನ. ಇಲ್ಲೇ ಬಿದ್ದೈತೆ."

"ತಗಂಡು ಹೊರಗೆ ಬಾರೋ."

"ತಗಂಡು ಬಾ ಅಂತ ಅವ್ವ ಹೇಳಿಲ್ಲ ಅಣ್ಣ. ನೀವು ಹೇಳಿದ್ದು ಕೇಳಬೇಡ ಅಂದೌಳೆ."

"ನಾನು ನಿನ್ನ ಪುಡಿ ಮಾಡ್ಬಿಡ್ತಿದ್ನಲ್ಲೋ."

"ನೀವು ಒಳ್ಳೆಯೋರು, ಮಾಡಲ್ಲ" ಅಂದ ಕಾಟಯ್ಯ.

ದಾದಾಪೀರ್ ಕೂಗ್ದ, ಗೋಗರೆದ. ಮೊದಲ ಹನಿ ಬಿತ್ತು. ಅವನು ಓಡಿಹೋಗಿ ಹತ್ತಿ, ಚೂರು ತಾಗದಷ್ಟು ದೂರ ಬಿಟ್ಟು, ಕಾಟಯ್ಯನ ಸುತ್ತ ಗುಂಡಗೆ ಯಂತ್ರ ತಿರುಗಿಸಿ, ಉಳಿದದ್ದೆಲ್ಲಾ ಮುಗಿಸಿ ಹೊರಟ.

ಲಾರಿ ಊರ ಗೇಟು ದಾಟುವಾಗ ಟ್ರ್ಯಾಕ್ಟರ್ ಎದುರು ಬಂತು. ದಾದಾಪೀರ್ ಕೂಗಿ ಹೇಳ್ದ: "ನಿಮ್ಮ ಹೊಲ ಆಯ್ತು ಅಮ್ಮ. ನಡುವೆ ಸ್ವಲ್ಪ ಬಿಟ್ಟೀನಿ. ಅದು ನನ್ನ ಯಂತ್ರದ ಕೈಲಾಗೋದಲ್ಲ."

ಪಾಲಮ್ಮ ಬೀಜದ ಚೀಲ ತಲೆ ಮೇಲಿಟ್ಕಂಡು ಹೊಲಕ್ಕೆ ಓಡಿದ್ಲು. ಬದುವಿನ ಮೇಲೆ ನಿಂತ್ರೆ ಆ ಕಡೆಯ ಹಳ್ಳದವರೆಗೂ ಕಣ್ಣು ಹರೀತು. ಚೂರು ಸರಿಸಿ ಒಂದು ಹಿಡಿ ಮಣ್ಣು ತಗಂಡು ನೋಡಿದ್ಲು. ಕಪ್ಪಗಿತ್ತು, ಮಳೆಗೆ ನೆಂದು ಇನ್ನೂ ಕಪ್ಪಗಾಯ್ತು. ಅವಳಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಆಮೇಲೆ ನೋಡಿದ್ಲು, ಹೊಲದ ನಟ್ಟನಡುವೆ ಹುಲ್ಲಿನ ಬಣವೆಯ ಹಂಗೆ ಗುಂಡಗೆ ಒಂದು ಜಾಲಿ ಮೆಳೆ. ಮೆಳೆಯೊಳಗಿಂದ ದನಿ ಬಂತು.

"ಬಂದ್ಯೇನವ್ವ? ಕುಳ ನೋಡಿದೆ."

ಪಾಲಮ್ಮ ಆಡೋ ಮಾತನ್ನ ನಾಲ್ಕು ಸಲ ಮನಸ್ಸಲ್ಲೇ ತಿರುಗಿಸಿ ನೋಡಿದ್ಲು. ಎಲ್ಲೂ ತಪ್ಪಿಲ್ಲ ಅನಿಸಿದ ಮೇಲೆ ಮೆಲ್ಲಗೆ, ಒಂದೊಂದೇ ಮಾತಾಗಿ ಹೇಳಿದ್ಲು.

"ಕಾಟಯ್ಯ, ನನ್ನಪ್ಪ. ನೀನು ಬೆಳಿಗ್ಗೆ ಒಳಗೆ ಹೋದ್ಯಲ್ಲ, ಆ ದಾರೀಲೇ ಹೊರಗೆ ಬಾ."

ಮಳೆ ಜೋರಾಯ್ತು.

"ಆ ದಾರಿ ಈಗ ಇಲ್ಲ ಕಣವ್ವ" ಅಂದ ಕಾಟಯ್ಯ. "ದಾದಣ್ಣ ಅದನ್ನೂ ಪುಡಿ ಮಾಡ್ಬಿಟ್ಟ. ಅದು ಮತ್ತೆ ಬೆಳೆಯೋವರೆಗೂ ಇಲ್ಲೇ ಇರ್ತೀನಿ. ನೀನು ನೆನೀಬೇಡ, ಮನೆಗೆ ಹೋಗು."