ದಾರದ ತುದಿಯ ನಾಡಿ

"ಗುರುಗಳೇ, ನಮ್ಮ ವಿಶ್ವವಿದ್ಯಾಲಯಕ್ಕೆ ಹೊಸ ಕುಲಪತಿಯನ್ನು ಆರಿಸುವ ಸಮಿತಿಯಲ್ಲಿ ನಾನೂ ಇದ್ದೇನೆ. ವಿಜ್ಞಾನದ ತರಗತಿಗಳಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಆದರೂ ಆ ಪೀಠಕ್ಕೆ ಬೇಕಾದ ಅನುಭವವಿರುವ ಒಬ್ಬ ಮಹಿಳೆಯೂ ನಮಗೆ ಸಿಗಲಿಲ್ಲ. ಇದರಲ್ಲಿ ನಮ್ಮ ತಪ್ಪೇನು?" ಎಂದು ಶಿಷ್ಯ ಕೇಳಿದ.

"ತಪ್ಪಿಲ್ಲ ಎನಿಸಿಕೊಳ್ಳಲು ಇಷ್ಟು ದೂರ ಬಂದೆಯಾ? ಕೂತುಕೋ," ಎಂದ ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅವನದೊಂದು ಪಾಠಶಾಲೆಯಿತ್ತು. ಹುಡುಗಿಯರನ್ನೂ ಸೇರಿಸಿಕೊಂಡವನು ಸುತ್ತಮುತ್ತಲ ಊರುಗಳಲ್ಲಿ ಅವನೊಬ್ಬನೇ. ಆ ಹೆಮ್ಮೆಗೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗ್ರಂಥಪಾಠ ಎಲ್ಲರಿಗೂ ಒಂದೇ. ನಾಡಿಪಾಠ ಮಾತ್ರ ಬೇರೆ. ಶಾಲೆಗೆ ಬರುವ ರೋಗಿಗಳೆಲ್ಲ ಗಂಡಸರು. ಹುಡುಗರು ಅವರ ಮಣಿಕಟ್ಟು ಹಿಡಿದು ನೋಡುತ್ತಿದ್ದರು. ಹುಡುಗಿಯರು ಪರಪುರುಷರನ್ನು ಮುಟ್ಟಬಾರದೆಂದು, ರೋಗಿಯ ಮಣಿಕಟ್ಟಿಗೆ ದಾರ ಕಟ್ಟಿ ಅದರ ತುದಿಯನ್ನು ಅವರ ಬೆರಳಿಗೆ ಕೊಡುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಪಾಠ ಅದು. ತಿಳಿಯಿತೇ ಎಂದರೆ ಅವರು ತಿಳಿಯಿತು ಎನ್ನುತ್ತಿದ್ದರು. ಇಲ್ಲವೆಂದರೆ ಆ ದಾರವೂ ಕೈತಪ್ಪಿಹೋಗುತ್ತಿತ್ತು. ನಾಡಿ ಬಲ್ಲವರಿಗೇ ಗುರುಪೀಠವೆಂಬುದು ಅಲ್ಲಿಯ ಕಟ್ಟಳೆ. ಹಾಗಾಗಿ ಪೀಠ ಯಾವಾಗಲೂ ಗಂಡಸರಿಗೇ ಸಲ್ಲುತ್ತಿತ್ತು.

ವೈದ್ಯನ ಒಬ್ಬಳೇ ಮಗಳು ಹೆರಿಗೆಯಾದ ಮೇಲೆ ಜ್ವರ ಬಂದು ಮಲಗಿದಳು. ಬಾಣಂತಿಯ ಕೋಣೆಗೆ ಗಂಡಸರು ಕಾಲಿಡುವಂತಿರಲಿಲ್ಲ, ಹೆತ್ತ ತಂದೆಯಾದರೂ ಸರಿ. ಅವನು ಶಿಷ್ಯೆಯರಲ್ಲಿ ಎಲ್ಲರಿಗಿಂತ ಜಾಣೆಯನ್ನು ಒಳಗೆ ಕಳಿಸಿ, ತಾನು ಬಾಗಿಲಾಚೆ ನಿಂತ.

"ನಾಡಿ ಹೇಗಿದೆಯಮ್ಮಾ?"

"ಮಿಡಿಯುತ್ತಿದೆ, ಸ್ವಾಮಿ. ಏನು ಹೇಳುತ್ತಿದೆಯೋ ತಿಳಿಯುತ್ತಿಲ್ಲ."

"ಇಷ್ಟು ವರ್ಷ ನನ್ನ ಹತ್ತಿರ ಕಲಿತೆಯಲ್ಲ?"

"ದಾರ ಹಿಡಿಯುವುದನ್ನು ಕಲಿತೆ. ಕೈ ಹಿಡಿದದ್ದು ಇದೇ ಮೊದಲು," ಎಂದು ಅವಳು ಅತ್ತಳು.

ಯಾವ ಮದ್ದು ಕೊಡಬೇಕೆಂಬುದನ್ನು ನಾಡಿಯೇ ಹೇಳಬೇಕಿತ್ತು. ಅವಳು ಊಹೆಯ ಮೇಲೆ ಒಂದನ್ನು ಕೊಟ್ಟಳು. ಅದು ನಾಟಲಿಲ್ಲ. ಮಗಳು ತೀರಿಕೊಂಡಳು. ಅಳುವ ಕೂಸನ್ನು ಹೊರಗೆ ತಂದು ಅಜ್ಜನ ಕೈಗಿಟ್ಟರು. ಅವನು ಅದನ್ನು ಎದೆಗವಚಿಕೊಂಡು ನೆಲಕ್ಕೆ ಕುಸಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಆಮೇಲಾದರೂ ಅವನು ಹುಡುಗಿಯರಿಗೆ ರೋಗಿಯ ಕೈ ಹಿಡಿಯಲು ಬಿಟ್ಟನೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಇಲ್ಲ, ಹೆಂಗಸರಿಗೆ ಈ ವಿದ್ಯೆ ಹತ್ತುವುದಿಲ್ಲವೆಂದು ದಾರವನ್ನೂ ಕಿತ್ತುಕೊಂಡ."