ಗೋಡೆಯಾಚೆಯ ಕೆಮ್ಮು

“ಗುರುಗಳೇ, ಒಬ್ಬರನ್ನು ಎಲ್ಲಿಯವರೆಗೆ ಸಿದ್ಧಪಡಿಸಬೇಕು?” ಎಂದು ಚನ್ನವೀರ ಕೇಳಿದ.

ಅಂದು ಬುಧವಾರ. ಬೆಳಗಿನ ಪೂಜೆ ಮುಗಿದಿತ್ತು. ಗುರುಗಳು ಮಠದ ಪಡಸಾಲೆಯಲ್ಲಿ ಕುಳಿತು ತೊಗರಿಕಾಯಿ ಸುಲಿಯುತ್ತಿದ್ದರು. ಚನ್ನವೀರ ಅವರ ಶಿಷ್ಯ. ಪದವಿ ಮುಗಿಸಿ ಕೆಲಸ ಸಿಗದೆ ಕುಳಿತ ಸುತ್ತಲಿನ ಊರುಗಳ ಹುಡುಗ ಹುಡುಗಿಯರಿಗೆ ಮಠದ ಹಿಂದಿನ ಕೋಣೆಯಲ್ಲಿ ಪಾಠ ಹೇಳುತ್ತಿದ್ದ. ಅರ್ಜಿ ಬರೆಯುವುದು, ಸಂದರ್ಶನಕ್ಕೆ ಕೂರುವುದು, ಕೇಳಿದ್ದಕ್ಕೆ ಉತ್ತರ ಹೇಳುವುದು ಎಲ್ಲವನ್ನೂ ಕಲಿಸುತ್ತಿದ್ದ. ಕಲಿತವರಲ್ಲಿ ಹಲವರು ಕೆಲಸಕ್ಕೆ ಸೇರಿದ್ದರು.

“ಯಾರ ವಿಷಯ ಇದು?” ಎಂದರು ಗುರುಗಳು.

“ಮಹಾನಂದಾಳದು. ಬಿ.ಕಾಂ.ನಲ್ಲಿ ಕಾಲೇಜಿಗೇ ಮೊದಲು ಬಂದವಳು. ನನ್ನ ಎದುರು ಕೂತರೆ ಯಾವ ಪ್ರಶ್ನೆಗೂ ತಡವರಿಸುವುದಿಲ್ಲ. ಸಂದರ್ಶನಕ್ಕೆ ಹೋದರೆ ಹೆಸರು ಹೇಳುವಷ್ಟರಲ್ಲಿ ಮಾತು ನಿಂತುಬಿಡುತ್ತದೆ. ನಿನ್ನೆಯೂ ಹಾಗೇ ಆಗಿ ಅಳುತ್ತ ಬಂದಳು.”

“ಇಲ್ಲಿ ಮಾತು ಬರುತ್ತದೆ. ಅಲ್ಲಿ ಬರುವುದಿಲ್ಲ.”

ಚನ್ನವೀರ ತಲೆಯಾಡಿಸಿದ.

“ಪ್ರತಿ ಸಲ ಸೋತು ಬಂದಾಗಲೂ ಇನ್ನಷ್ಟು ಅಭ್ಯಾಸ ಮಾಡಿಸಿದ್ದೇನೆ, ಗುರುಗಳೇ. ಬರುವ ಸೋಮವಾರ ಸಹಕಾರಿ ಬ್ಯಾಂಕಿನವರು ಕರೆದಿದ್ದಾರೆ. ಅವಳು ಹೋಗುವುದಿಲ್ಲ ಎನ್ನುತ್ತಿದ್ದಾಳೆ. ‘ನಿಮ್ಮ ತರಗತಿಯಲ್ಲೇ ಸಹಾಯಕ್ಕೆ ಇರುತ್ತೇನೆ ಸರ್’ ಎನ್ನುತ್ತಾಳೆ. ಅವಳಪ್ಪನೂ ಇನ್ನೆಲ್ಲಿಗೂ ಕಳಿಸಬೇಡಿ ಎಂದಿದ್ದಾನೆ. ಇಟ್ಟುಕೊಳ್ಳಲೇ ಎಂದು ಯೋಚಿಸುತ್ತಿದ್ದೇನೆ.”

“ಇಟ್ಟುಕೊಂಡರೆ ಏನು ಕೊಡುತ್ತೀಯ?”

“ಮಠದಲ್ಲಿ ಊಟವಂತೂ ಇದೆಯಲ್ಲ.”

“ಆಯಿತು, ಬಿ.ಕಾಂ. ಅನ್ನು ಸಾರಿನಲ್ಲಿ ಕಲಸಿಕೊಂಡು ಉಣ್ಣುತ್ತಾಳೆ.”

ಚನ್ನವೀರ ನಗಲಿಲ್ಲ. ಗುರುಗಳು ಸಿಪ್ಪೆಯನ್ನು ಒಂದು ಕಡೆಗೆ ಸರಿಸಿ ಈ ಕತೆ ಹೇಳಿದರು.

ಒಬ್ಬ ಮನುಷ್ಯ ಎಳೆ ಎತ್ತುಗಳನ್ನು ಪಳಗಿಸಿ ರೈತರಿಗೆ ಮಾರುತ್ತಿದ್ದ. ಎತ್ತುಗಳನ್ನು ಹೊಳೆಯ ಮರಳಿಗೆ ಒಯ್ದು, ನೊಗಕ್ಕೆ ಮರದ ಕೊರಡು ಕಟ್ಟಿ ಎಳೆಸುತ್ತಿದ್ದ. ಮರಳಿನಲ್ಲಿ ಕೊರಡು ಎಳೆದ ಎತ್ತಿಗೆ ಹೊಲದ ನೇಗಿಲು ಹಗುರ. ಅವನ ಕೈಯಲ್ಲಿ ಬಾರುಕೋಲು ಇರುತ್ತಿತ್ತು. ಅದು ಎಂದೂ ಎತ್ತಿನ ಮೈಗೆ ತಾಗುತ್ತಿರಲಿಲ್ಲ. ಬಾಯಿಂದಲೇ ನಡೆಸುತ್ತಿದ್ದ.

ಅವನ ಹೆಂಡತಿ ತೀರಿಕೊಂಡ ವರ್ಷ ಒಂದು ಜೋಡಿ ಅವನ ಕೊಟ್ಟಿಗೆಗೆ ಬಂತು. ಆ ವರ್ಷ ಅವನು ಮನುಷ್ಯರ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ. ಇದ್ದ ಮಾತೆಲ್ಲ ಆ ಎತ್ತುಗಳ ಜೊತೆಗೇ. ನೀರು ಕುಡಿಸುವಾಗ ಮಾತು, ಮೈ ತಿಕ್ಕುವಾಗ ಮಾತು, ಕೊರಡು ಎಳೆಸುವಾಗ ಮಾತು. ಅವನು ಪಳಗಿಸಿದವುಗಳಲ್ಲೆಲ್ಲ ಇವೇ ಉತ್ತಮವೆಂದು ಊರು ಹೇಳಿತು. ಮಳೆಗಾಲ ಹತ್ತಿರ ಬಂದಾಗ ನೆರೆಯೂರಿನ ರೈತನೊಬ್ಬ ಅವುಗಳನ್ನು ಕೊಂಡು ಹಗ್ಗ ಹಿಡಿದು ಒಯ್ದ.

ಮೊದಲ ಮಳೆ ಬಿತ್ತು. ಒಂದು ಮಧ್ಯಾಹ್ನ ಪಳಗಿಸುವವನು ಎಂದಿನಂತೆ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದಾಗ ರೈತ ಅದೇ ಎತ್ತುಗಳನ್ನು ಹಿಡಿದುಕೊಂಡು ಬಂದ.

“ನಿನ್ನ ಎತ್ತುಗಳು ನನ್ನ ಹೊಲದಲ್ಲಿ ನಿಂತದ್ದು ನಿಂತೇ ಬಿಟ್ಟವು. ಬೈದರೂ ಇಲ್ಲ, ಬೆಲ್ಲ ತಿನ್ನಿಸಿದರೂ ಇಲ್ಲ.”

ಪಳಗಿಸುವವನು ಎದ್ದು ಅವುಗಳನ್ನು ಹೊಳೆಗೆ ಒಯ್ದು ನೊಗ ಹೂಡಿ, ಕೊರಡು ಕಟ್ಟಿದ. ಮೆಲ್ಲಗೆ ನಾಲಿಗೆ ಲೊಚಗುಟ್ಟಿದ. ಎತ್ತುಗಳು ಕೊರಡನ್ನು ಎಳೆದುಕೊಂಡು ಹೊಳೆಯ ದಂಡೆಯನ್ನು ಏರಿಯೇ ಬಿಟ್ಟವು.

“ನೋಡಿದೆಯಾ? ಎತ್ತಿನಲ್ಲಿ ಐಬಿಲ್ಲ.”

“ಹಾಗಾದರೆ ನಿನ್ನನ್ನೂ ಸೇರಿಸಿ ಮಾರಬೇಕಿತ್ತು ಮಾರಾಯ,” ಎಂದ ರೈತ. “ಬಿತ್ತನೆಯ ಹದ ಇನ್ನೊಂದು ವಾರ ಇದ್ದೀತು. ಅಷ್ಟರೊಳಗೆ ಸರಿಮಾಡಿ ಕೊಡು. ಆಗದಿದ್ದರೆ ನಾನು ಬೇರೆ ಜೋಡಿ ನೋಡಿಕೊಳ್ಳುತ್ತೇನೆ.”

ಹೊಲದಲ್ಲಿ ನಿಲ್ಲುವ ಎತ್ತು ಎಂದು ಒಮ್ಮೆ ಹೆಸರು ಬಿದ್ದರೆ ಆ ಜೋಡಿಯನ್ನು ಮತ್ತೆ ಯಾವ ರೈತನೂ ಕೊಳ್ಳುವುದಿಲ್ಲ. ಕೆಲಸಕ್ಕಿಲ್ಲದ ಎತ್ತಿನ ಗತಿ ಏನೆಂದು ಎಲ್ಲರಿಗೂ ಗೊತ್ತು. ಪಳಗಿಸುವವನಿಗೂ ಗೊತ್ತಿತ್ತು. ಆದರೂ ರೈತ ಆಚೆ ಹೋದ ಮೇಲೆ ಅವನಿಗೆ ಒಳಗೊಳಗೇ ಹಿತವೆನಿಸಿತು. ಎತ್ತುಗಳನ್ನು ಅವುಗಳ ಹಳೆಯ ಗೂಟಕ್ಕೇ ಕಟ್ಟಿ, ಹೊತ್ತು ಮುಳುಗುವವರೆಗೂ ಅವುಗಳ ಜೊತೆ ಮಾತಾಡಿದ.

ಮರುದಿನ ದೊಡ್ಡ ಕೊರಡು ಕಟ್ಟಿದ. ಎಳೆದವು. ಅದರ ಮೇಲೆ ಕಲ್ಲು ಹೇರಿದ. ಎಳೆದವು. ಇದಕ್ಕಿಂತ ಹೆಚ್ಚು ಯಾರು ಕಲಿಸಿಯಾರು ಎಂದುಕೊಂಡ. ರೈತನಿಗೆ ಎತ್ತು ಹೊಡೆಯಲು ಬರುವುದಿಲ್ಲ ಎಂದುಕೊಂಡ. ಈ ಜೋಡಿಯನ್ನು ತಾನೇ ಇಟ್ಟುಕೊಂಡರೆ ತಪ್ಪೇನು ಎಂದೂ ಅಂದುಕೊಂಡ.

ವಾರದ ನಡುವೆ ಅವನಿಗೆ ಜ್ವರ ಬಂತು. ಪಕ್ಕದ ಮನೆಯಲ್ಲಿದ್ದ ಅಕ್ಕ ಬಂದು ಅವನನ್ನು ಒಳಗೆ ಮಲಗಿಸಿ, ಅಂಗಳದಲ್ಲಿ ತಾನೇ ಎತ್ತು ಹೂಡಿದಳು. ಅವು ಕದಲಲಿಲ್ಲ. ತಮ್ಮನ ಹಾಗೆ ನಾಲಿಗೆ ಲೊಚಗುಟ್ಟಿದಳು. ಕದಲಲಿಲ್ಲ.

“ನಡೀರೋ ಅಂದರೆ ಬೀಗರ ಮನೆಗೆ ಬಂದವರ ಹಾಗೆ ನಿಂತಿದ್ದೀರಲ್ಲ,” ಎಂದು ಬೈದಳು. ಕದಲಲಿಲ್ಲ.

ಆಗ ಗೋಡೆಯಾಚೆ ಅವನಿಗೆ ಕೆಮ್ಮು ಬಂತು. ಎರಡೂ ಎತ್ತುಗಳು ಕಿವಿ ನಿಮಿರಿಸಿ ಹೆಜ್ಜೆ ಮುಂದಿಟ್ಟವು. ಕೊರಡು ಸರಿಯಿತು. ಕೆಮ್ಮು ನಿಂತಿತು. ಎತ್ತುಗಳೂ ನಿಂತವು.

ಅಕ್ಕ ಒಳಗೆ ಬಂದಳು. “ಈಗ ನೀನು ಅವಕ್ಕೆ ಏನಾದರೂ ಅಂದೆಯಾ?”

“ಇಲ್ಲ. ಕೆಮ್ಮಿದೆ, ಅಷ್ಟೇ.”

ಅಕ್ಕ ಕಷಾಯದ ಲೋಟವನ್ನು ಅವನ ಪಕ್ಕದಲ್ಲಿಟ್ಟು ಹೊರಗೆ ಹೋದಳು. ಅವನು ಸಂಜೆಯವರೆಗೆ ಸೂರು ನೋಡುತ್ತ ಮಲಗಿದ್ದ.

ಬೆಳಗಾದ ಮೇಲೆ ಅವನು, “ಅಕ್ಕಾ, ದಾರಿಯಲ್ಲಿ ಹೋಗುವವರನ್ನು ಕರೆ. ಯಾರಾದರೂ ಆಗಲಿ. ಅವರಿಗೆ ತೋಚಿದ ಹಾಗೆ ಎತ್ತುಗಳನ್ನು ನಡೆಸಲಿ,” ಎಂದ.

“ಬಾಯಿಗೆ ಬಂದದ್ದು ಅನ್ನುತ್ತಾರಪ್ಪ. ನೀನು ತಾಳಿಕೊಳ್ಳುತ್ತೀಯಾ?”

“ನನಗಲ್ಲವಲ್ಲ ಅನ್ನುವುದು.”

ಅವನು ಹೋಗಿ ಹುಲ್ಲಿನ ಬಣವೆಯ ಹಿಂದೆ ಕುಳಿತ.

ಮೊದಲು ಒಬ್ಬ ಕುಂಬಾರ ಬಂದ. ಅವನದು ಒರಟು ದನಿ. ಆಮೇಲೆ ಒಬ್ಬ ಬಳೆ ಮಾರುವವಳು ಬಂದಳು. ಅವಳು ಬಳೆಗೆ ಕೂಗುವ ಹಾಗೆಯೇ ಎತ್ತುಗಳನ್ನೂ ಕೂಗಿದಳು. ಇನ್ನೊಬ್ಬ ಏನೂ ಅನ್ನದೆ ಹಗ್ಗ ಜಗ್ಗಿದ. ಎತ್ತುಗಳು ಮನೆಯ ಬಾಗಿಲ ಕಡೆಗೆ ಕತ್ತು ತಿರುಗಿಸಿ ಕೂಗಿದವು. ಬಣವೆಯ ಹಿಂದೆ ಅವನಿಗೆ ಕೆಮ್ಮು ಒತ್ತರಿಸಿ ಬಂತು. ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ಇಷ್ಟು ವರ್ಷ ಎತ್ತು ಪಳಗಿಸಿದ್ದರಲ್ಲಿ ಅದಕ್ಕಿಂತ ಕಷ್ಟದ ಕೆಲಸವನ್ನು ಅವನು ಮಾಡಿರಲಿಲ್ಲ.

ಆ ದಿನ ಎತ್ತುಗಳು ನಡೆಯಲಿಲ್ಲ.

ಮರುದಿನವೂ ದಾರಿಹೋಕರು ಬಂದರು. ನೀರಿಗೆ ಹೊರಟಿದ್ದ ಒಬ್ಬ ಮುದುಕಿ ಕೊಡ ಇಳಿಸಿ, “ನನಗೆ ಹೊತ್ತಾಗುತ್ತದೆ, ಬರುತ್ತೀರೋ ಇಲ್ಲವೋ?” ಎಂದಳು. ಎತ್ತುಗಳು ಬಾಗಿಲ ಕಡೆಗೆ ನೋಡಿದವು. ಅಲ್ಲಿ ಯಾರೂ ಇರಲಿಲ್ಲ. ಮುದುಕಿಯ ಕಡೆಗೆ ನೋಡಿದವು. ಆಮೇಲೆ ನಡೆದವು. ಸರಿಯಾಗಿ ನಡೆಯಲಿಲ್ಲ. ಒಂದು ಅತ್ತ ಎಳೆಯಿತು, ಒಂದು ಇತ್ತ ಎಳೆಯಿತು. ಕೊರಡು ಹೋಗಿ ಬೇಲಿಗೆ ಸಿಕ್ಕಿಕೊಂಡಿತು. ಪಳಗಿಸುವವನು ಅರ್ಧ ಎದ್ದವನು ಮತ್ತೆ ಕುಳಿತ. ಎತ್ತುಗಳು ಹಿಂದೆ ಸರಿದು, ತಾವೇ ಬಿಡಿಸಿಕೊಂಡು ಮುಂದೆ ಹೋದವು.

ವಾರ ತುಂಬಿದಾಗ ರೈತ ಬಂದ. “ಏನು, ಸರಿಹೋದವೋ ಇಲ್ಲ ನೀನೂ ಹೊರಟು ನಿಂತೆಯೋ?” ಎಂದ. ಪಳಗಿಸುವವನು ಮಾತಾಡದೆ ನೊಗ ಹೂಡಿ ಹಗ್ಗವನ್ನು ಅವನ ಕೈಗೆ ಕೊಟ್ಟ. ರೈತ ತನ್ನ ಊರಿನ ದನಿಯಲ್ಲಿ ಕೂಗಿದ. ಎತ್ತುಗಳು ಹೊರಟವು. ಹೊಳೆಯ ತಿರುವಿನವರೆಗೂ ಪಳಗಿಸುವವನು ನೋಡುತ್ತ ನಿಂತ. ಅವು ತಿರುಗಿ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಮತ್ತೆ ತೊಗರಿಕಾಯಿಗೆ ಕೈ ಹಾಕಿದರು.

“ಅವನಿಗೆ ನೋವಾಗಲಿಲ್ಲವೇ?” ಎಂದು ಚನ್ನವೀರ ಕೇಳಿದ.

“ಆಯಿತು. ಅಕ್ಕ ರೊಟ್ಟಿ ತಂದುಕೊಟ್ಟಳು. ತಿಂದ.”

ಚನ್ನವೀರ ಒಂದು ತೊಗರಿಕಾಯಿ ಎತ್ತಿಕೊಂಡು ಸುಲಿದ. ಅನಂತರ ಹೇಳಿದ:

“ಆದರೆ ನನ್ನ ವಿಷಯ ಹಾಗಲ್ಲ, ಗುರುಗಳೇ. ಮಹಾನಂದಾಳಿಗೆ ನಾನು ಉತ್ತರವನ್ನು ಬಾಯಿಗಿಡುವುದಿಲ್ಲ. ಬ್ಯಾಂಕಿನವರು ಕೇಳುವ ಹಾಗೆಯೇ ಪ್ರಶ್ನೆ ಕೇಳುತ್ತೇನೆ. ಆಮೇಲೆ ಒಂದು ಮಾತೂ ಆಡದೆ ಎದುರು ಕೂತಿರುತ್ತೇನೆ. ಹೇಳುವುದೆಲ್ಲ ಅವಳೇ.”

ಗುರುಗಳು ಕಾಯಿಯಿಂದ ಕಣ್ಣೆತ್ತಿ ಅವನನ್ನು ನೋಡಿದರು.

“ಅವಳು ಉತ್ತರ ಹೇಳುತ್ತಿರುವಾಗ ನೀನು ತಲೆಯಾಡಿಸುತ್ತೀಯಾ?”

ಚನ್ನವೀರನ ತಲೆ ಆಡಲು ಹೊರಟು ನಡುವೆಯೇ ನಿಂತಿತು.